ಕಂಡಕ್ಟರಮ್ಮನ ಹೆಸರಲ್ಲಿ ಬಂದ ಮೆಸೇಜು

ನಮ್ಮತ್ತೆಗೆ ದುಡ್ಡು ಕೇಳೋದಕ್ಕೆ ನಾಚಿಕೆ ಅನ್ನೋದೇ ಇಲ್ಲ. ಇದನ್ನ ದೂರು ಅಂತ ಹೇಳ್ತಿಲ್ಲ ಮತ್ತೆ. ದೂರು ಹೇಳೋಕೆ ಕೂತ್ರೆ ನನ್ನ ಹತ್ರ ಬೇರೆ ಬೇಕಾದಷ್ಟಿದೆ, ಒಲೆ ಒರೆಸೋ ಬಟ್ಟೆಯಿಂದಲೇ ಶುರು ಮಾಡಬಹುದು. ಇದು ಮಾತ್ರ ಮೆಚ್ಚುಗೆ. ಕೂದಲು ನರೆಯೋ ತನಕ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು ಅವರು. ದಿನ ಬೆಳಗಾದ್ರೆ ಗುರುತು ಪರಿಚಯ ಇಲ್ಲದವರ ಮುಖಕ್ಕೆ ಮುಖ ಕೊಟ್ಟು ದುಡ್ಡು ಕೇಳೋದೇ ಕೆಲಸ. ಅದರಲ್ಲಿ ಗೋಗರೆಯೋದೂ ಇಲ್ಲ, ಗದರೋದೂ ಇಲ್ಲ. "ಟಿಕೆಟ್" ಅಂತ ಒಂದೇ ಮಾತು. ಕೋಟು ಹಾಕಿದವನಿಗೂ ಅದೇ, ಚಪ್ಪಲಿ ಹರಿದವನಿಗೂ ಅದೇ. ನಾನಾದ್ರೆ ಪಕ್ಕದ ಮನೆಗೆ ಕೊಟ್ಟ ಛತ್ರಿ ವಾಪಸ್ ಕೇಳೋಕೆ ವಾರಗಟ್ಟಲೆ ಮನಸ್ಸಲ್ಲೇ ಮಾತು ಜೋಡಿಸ್ಕೊಂಡು, ಕೊನೆಗೆ ಹೊಸ ಛತ್ರಿ ಕೊಂಡುಕೊಳ್ಳೋಳು. ಹಾಗಾಗಿ ನನ್ನ ಕಣ್ಣಿಗೆ ಅದೊಂದು ಸಿದ್ಧಿ.

ನಾವಿರೋದು ಸೈಕಲ್ ರಿಪೇರಿ ಅಂಗಡಿ ಮೇಲಿನ ಎರಡು ರೂಮಿನ ಮನೇಲಿ. ಮುಂದಿನ ರೂಮಿನ ಕಿಟಕಿಯಿಂದ ಬಸ್ ಸ್ಟಾಪ್ ಕಾಣುತ್ತೆ. ರಿಟೈರ್ ಆದ್ಮೇಲೂ ಅತ್ತೆ ಮೊದಲನೇ ಬಸ್ಸಿನ ಹೊತ್ತಿಗೆ ಎದ್ದು ಆ ಕಿಟಕಿ ಹತ್ರ ನಿಲ್ಲೋರು. ಅದರಲ್ಲಿ ಹೋಗೋರು ಯಾರು ಅಂದ್ರೆ ಆಸ್ಪತ್ರೆ ನೆಲ ಒರೆಸೋರು, ಮಾರ್ಕೆಟ್ಟಲ್ಲಿ ಮೂಟೆ ಹೊರೋರು, ಸಾಹೇಬರು ಬರೋ ಮುಂಚೆ ಆಫೀಸಿನ ಕಸ ತೆಗೆಯೋರು. ಊರು ಏಳೋ ಮುಂಚೆ ಊರನ್ನ ತೊಳೆದಿಡೋ ಜನ. ಅತ್ತೆ ಕೊನೆಯ ಎಷ್ಟೋ ವರ್ಷ ಡ್ಯೂಟಿ ಮಾಡಿದ್ದು ಅದೇ ಬಸ್ಸಲ್ಲಿ.

ಆ ಬಸ್ಸನ್ನ ನಿಲ್ಲಿಸ್ತೀವಿ ಅಂದ್ರು ನಗರಸಭೆಯವರು. ನಷ್ಟ ಅಂತೆ. "ಆ ಹೊತ್ತಲ್ಲಿ ಯಾರ್ರೀ ಓಡಾಡ್ತಾರೆ?" ಅಂತ ನಮ್ಮ ವಾರ್ಡಿನ ಮೆಂಬರೇ ಸಭೇಲಿ ಕೇಳಿದ್ನಂತೆ. ಪುಣ್ಯಾತ್ಮ, ಅವನು ಏಳೋ ಹೊತ್ತಿಗೆ ಆ ಬಸ್ಸು ನಾಲ್ಕು ಸುತ್ತು ಹೊಡೆದಿರ್ತಿತ್ತು. ಇನ್ನೇನು ಚುನಾವಣೆ ಬರೋದ್ರಲ್ಲಿತ್ತು. ಅವನ ಎದುರು ನಮ್ಮ ನರ್ಸಮ್ಮ ನಿಂತ್ರು. ನರ್ಸಮ್ಮ ಅಂದ್ರೆ ಹೆರಿಗೆ ವಾರ್ಡಿನವರು, ಈ ಬೀದಿಯ ಅರ್ಧ ಮಕ್ಕಳನ್ನ ಮೊದಲು ಮುಟ್ಟಿದ ಕೈ ಅವರದ್ದು. ನಗರಸಭೇಲಿ ಬಸ್ಸು ಬೇಕು ಅನ್ನೋರೂ ಬೇಡ ಅನ್ನೋರೂ ಸಮಸಮ ಇದ್ರು. ನಮ್ಮ ಸೀಟು ಯಾವ ಕಡೆ ವಾಲುತ್ತೋ ಆ ಕಡೆ ತೀರ್ಮಾನ. ನರ್ಸಮ್ಮ ಗೆದ್ರೆ ಬಸ್ಸು ಉಳಿಯುತ್ತೆ, ಸೋತ್ರೆ ಹೋಗುತ್ತೆ. ವಿಷಯ ಅಷ್ಟೇ.

ನರ್ಸಮ್ಮ ನಮ್ಮ ಮನೆಗೆ ಬಂದು ಕೈ ಹಿಸುಕ್ಕೊಂಡು ಕೂತ್ರು. "ನಿಂತ್ಕೊಂಡೇನೋ ಬಿಟ್ಟೆ. ಆದ್ರೆ ಪೋಸ್ಟರು, ಮೈಕು, ಗಾಡಿ, ಇದಕ್ಕೆಲ್ಲಾ ಎಲ್ಲಿಂದ ತರ್ಲಿ? ನಂಗೆ ಯಾರನ್ನೂ ಕೇಳಿ ಅಭ್ಯಾಸ ಇಲ್ಲ."

"ನಂಗಿದೆ," ಅಂದ್ರು ಅತ್ತೆ. "ಕೇಳೋದು ನಂಗೆ ಬಿಡು. ನೀನು ನಿಂತ್ಕೋ."

ಅತ್ತೆ ದುಡ್ಡು ಎತ್ತಿದ ರೀತಿ ನೋಡಬೇಕಿತ್ತು ನೀವು. ಹಳೇ ಚರ್ಮದ ಚೀಲ ಹೆಗಲಿಗೆ ಹಾಕ್ಕೊಂಡು ಅಂಗಡಿ, ಮನೆ, ಸ್ಟಾಪು, ಆಸ್ಪತ್ರೆ ಗೇಟು ಎಲ್ಲಾ ಸುತ್ತಿದ್ರು. ಕೇಳ್ತಿದ್ದದ್ದು ಒಂದೇ ಒಂದು ಟಿಕೆಟ್ಟಿನ ದುಡ್ಡು. "ಮೊದಲನೇ ಬಸ್ಸಿಗೆ ಒಂದು ಟಿಕೆಟ್" ಅನ್ನೋರು. ಅದಕ್ಕಿಂತ ಒಂದು ಕಾಸು ಕಮ್ಮಿ ತಗೊಳ್ಳಲ್ಲ, ಒಂದು ಕಾಸು ಜಾಸ್ತೀನೂ ತಗೊಳ್ಳಲ್ಲ. ಯಾರಾದ್ರೂ ದೊಡ್ಡ ನೋಟು ಕೊಟ್ಟು "ಇರ್ಲಿ ಬಿಡಿ ಅಮ್ಮ" ಅಂದ್ರೆ ಮೈ ಉರೀತಿತ್ತು ಅವರಿಗೆ. "ಏನ್ ಇರ್ಲಿ? ಚಿಲ್ಲರೆ ಹಿಡಿ!" ಅಂತ ಅಂಗೈ ಬಿಡಿಸಿ ಇಟ್ಟು ಬರೋರು. ಬಟ್ಟೆ ಅಂಗಡಿ ಯಜಮಾನ ನೋಟು ಹಿಡ್ಕೊಂಡು ಮೂರು ಬೀದಿ ಹಿಂದೆ ಬಂದ, ತಗೊಳ್ಳಿ ತಗೊಳ್ಳಿ ಅಂತ. ಊಹೂಂ. ಒಂದು ಸಲ ಕೊಟ್ಟವರನ್ನ ಎರಡನೇ ಸಲ ಕೇಳ್ತಾನೂ ಇರ್ಲಿಲ್ಲ. "ಒಂದು ಪ್ರಯಾಣಕ್ಕೆ ಎರಡು ಟಿಕೆಟ್ ಹರಿಯೋಕಾಗುತ್ತಾ?" ಅನ್ನೋರು.

ನಾನು ಚೀಲದ ಹಿಂದೆ ಹಿಂದೆ ಓಡಾಡ್ತಾ ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಕೊಟ್ಟವರು ಯಾರೂ ಸುಮ್ನೆ ಹೋಗ್ತಿರ್ಲಿಲ್ಲ. ಟಿಕೆಟ್ ತಗೊಂಡವರ ಥರ ಸೀಟು ಕೇಳೋರು. "ಮೀಟಿಂಗ್ ಯಾವತ್ತು? ನಮ್ಮ ಬೀದಿಗೆ ನರ್ಸಮ್ಮ ಯಾವಾಗ ಬರ್ತಾರೆ?" ಅಂತ ದಬಾಯಿಸೋರು. ನೆಲ ಒರೆಸೋ ಹೆಂಗಸೊಬ್ಬಳು ಆ ಬಟ್ಟೆ ಅಂಗಡಿ ಸಾಹುಕಾರನ ಮುಂದೆ ಸೊಂಟಕ್ಕೆ ಕೈ ಇಟ್ಕೊಂಡು, "ನಿಮ್ಮದೂ ಒಂದೇ ಟಿಕೆಟ್ಟು, ನಂದೂ ಒಂದೇ ಟಿಕೆಟ್ಟು ಸ್ವಾಮಿ, ಪೋಸ್ಟರ್ ಬಣ್ಣ ಯಾವುದು ಅಂತ ನಾನೂ ಹೇಳೋಳೇ," ಅಂದ್ಲು. ಸಾಹುಕಾರನ ಮುಖ ನೋಡಬೇಕಿತ್ತು.

ಆದ್ರೆ ಟಿಕೆಟ್ಟಿನ ದುಡ್ಡಲ್ಲಿ ಚುನಾವಣೆ ನಡೆಯುತ್ತಾ? ಪೋಸ್ಟರಿಗಾಯ್ತು, ಗೋಂದಿಗಾಯ್ತು. ಮತದಾನದ ದಿನ ನಡೆಯೋಕಾಗದವರನ್ನ, ಮುದುಕರನ್ನ ಕರ್ಕೊಂಡು ಬರೋಕೆ ಗಾಡಿಗಳು ಬೇಕಿತ್ತು. ಅದಕ್ಕೆ ಗತಿ ಇರ್ಲಿಲ್ಲ. ಆಗ ಬಂದ್ರು ನಮ್ಮ ಭಾವ.

ಭಾವ ಅಂದ್ರೆ ನನ್ನ ಅಕ್ಕನ ಗಂಡ. ಸೋಪು, ಫ್ಯಾನು, ಸಾಲದ ಕಂಪನಿ, ಎಲ್ಲದಕ್ಕೂ ಜಾಹೀರಾತು ಬರೆಯೋದು ಅವರ ಕಸುಬು. ಒಳ್ಳೇ ಮನುಷ್ಯ. ಅಕ್ಕನಿಗೆ ಇವತ್ತಿನವರೆಗೂ ಜೋರಾಗಿ ಒಂದು ಮಾತು ಅಂದಿಲ್ಲ. ನರ್ಸಮ್ಮನಿಗೆ ಅಂತ ಒಂದು ಕಾಸೂ ತಗೊಳ್ಳದೆ ರಜೆ ಹಾಕಿ ನಮ್ಮ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತ್ರು. ಒಂದು ಕೈಲಿ ಟೀ, ಒಂದು ಕೈಲಿ ಪಾಠ.

"ಅಮ್ಮ, ಒಂದು ಸಲ ಕೊಟ್ಟವನೇ ಇನ್ನೊಂದು ಸಲ ಕೊಡೋನು. ಕೊಡದೇ ಇದ್ದವನ ಹಿಂದೆ ಹೋಗೋದು ದಂಡ. ಕೊಟ್ಟವನಿಗೆ ಮೆಸೇಜ್ ಮೇಲೆ ಮೆಸೇಜ್ ಹಾಕಬೇಕು. ಸುಮ್ನೆ ಹಾಕಿದ್ರೆ ಆಗಲ್ಲ, ಗಡುವು ಕೊಡಬೇಕು. ಇವತ್ತು ಸಂಜೆ ಒಳಗೆ, ಈಗಲೇ, ಅಂತ. ಯೋಚನೆ ಮಾಡೋಕೆ ಬಿಟ್ರೆ ಮನುಷ್ಯ ಕೊಡಲ್ಲ. ಭಯ ಇರಬೇಕು, ಸ್ವಲ್ಪ ಕಣ್ಣೀರಿರಬೇಕು. ಮತ್ತೆ ಮೊದಲನೇ ಸಾಲಲ್ಲಿ ಚುನಾವಣೆ ಅನ್ನೋ ಪದ ಬರಬಾರದು. ಬಂದ್ರೆ ಮುಂದೆ ಓದಲ್ಲ."

"ಓಹೋ," ಅಂದ್ರು ಅತ್ತೆ, ಹುರುಳಿಕಾಯಿ ನಾರು ತೆಗೀತಾ. "ಕೊಟ್ಟವನನ್ನೇ ಹೆದರಿಸೋದು."

"ಹೆದರಿಸೋದಲ್ಲಮ್ಮ, ಎಬ್ಬಿಸೋದು."

ನಾನಂತೂ ಭಾವನ ಪರ. ಯಾಕೆ ಸುಳ್ಳು ಹೇಳ್ಲಿ, ಅವರ ಮೆಸೇಜು ಹೋದ ಮೊದಲನೇ ದಿನವೇ ಫೋನು ಟಿಣ್ ಟಿಣ್ ಅನ್ನೋಕೆ ಶುರುವಾಯ್ತು. ಪ್ರತಿ ಟಿಣ್‌ಗೂ ದುಡ್ಡು. ಯಾರೋ ಕಾಣದವರು, ಎಲ್ಲೋ ಕೂತವರು, ಬೆರಳಲ್ಲಿ ಒತ್ತಿ ಕಳಿಸ್ತಿದ್ರು. ನನಗೆ ಅದೂ ಒಂದು ಪವಾಡವೇ. ಆಮೇಲೆ ಭಾವ, "ಅಮ್ಮ, ನಿಮ್ಮ ಹೆಸರಲ್ಲೊಂದು ಹಾಕ್ಲಾ? ನರ್ಸಮ್ಮನಿಗಿಂತ ನಿಮ್ಮ ಹೆಸರಿಗೆ ಜನ ಜಾಸ್ತಿ ಕರಗ್ತಾರೆ," ಅಂದ್ರು.

ಅತ್ತೆ ಕುಕ್ಕರ್ ಕಡೆ ಓಡ್ತಾ, "ಹಾಕೋಪ್ಪ, ಹೆಸರಿಗೇನು ಬಾಡಿಗೆನಾ?" ಅಂದುಬಿಟ್ರು. ಏನು ಬರೀತೀಯ ಅಂತ ಕೇಳ್ಲಿಲ್ಲ. ಭಾವ ಹೇಳ್ಲೂ ಇಲ್ಲ.

ಮಾರನೇ ದಿನ ಮಧ್ಯಾಹ್ನ ಅತ್ತೆ ಸ್ಟೂಲ್ ಮೇಲೆ ಹತ್ತಿ ಫ್ಯಾನಿನ ರೆಕ್ಕೆ ಒರೆಸ್ತಿದ್ರು. ಬಾಗಿಲು ಧಡ್ ಅಂತ ತೆಗೀತು. ಆಸ್ಪತ್ರೆಯ ನೆಲ ಒರೆಸೋ ಆ ಹೆಂಗಸು, ಸಾಹುಕಾರನನ್ನ ದಬಾಯಿಸಿದೋಳು, ಏದುಸಿರು ಬಿಡ್ತಾ ಒಳಗೆ ಬಂದವಳು ಸ್ಟೂಲ್ ಮೇಲಿದ್ದ ಅತ್ತೆಯನ್ನ ನೋಡಿ, "ಅಯ್ಯೋ, ಬೇಡಮ್ಮೋ! ಇಳೀರಿ!" ಅಂತ ಕಿರುಚಿ ಅವರ ಕಾಲು ತಬ್ಕೊಂಡ್ಲು. ಅತ್ತೆ ಸ್ಟೂಲ್ ಸಮೇತ ಬೀಳೋದ್ರಲ್ಲಿದ್ರು.

"ಬಿಡೇ! ಏನಾಯ್ತೇ ನಿಂಗೆ?"

"ನಂಗಲ್ಲಮ್ಮ, ನಿಮಗೇನಾಯ್ತು?"

ಅವಳ ಹಿಂದೆಯೇ ಮೂಟೆ ಹೊರೋ ಇಬ್ಬರು, ಅವರ ಹಿಂದೆ ಸ್ಕೂಲ್ ವಾಚ್‌ಮನ್, ಅವನ ಹಿಂದೆ ಮೆಟ್ಟಿಲ ತುಂಬಾ ಜನ. ಕೆಳಗೆ ಸೈಕಲ್ ಅಂಗಡಿಯವನು, ಯಾರು ಹೋಗಿಬಿಟ್ರೋ ಅಂತ ಅಂಗಡಿ ಅರ್ಧ ಬಾಗಿಲು ಎಳೆದು ಟೋಪಿ ತೆಗೆದು ನಿಂತಿದ್ದ. ಡ್ಯೂಟಿ ಮಧ್ಯದಿಂದ ನರ್ಸಮ್ಮ ಯೂನಿಫಾರ್ಮಲ್ಲೇ ಓಡಿಬಂದ್ರು. ಯಾರನ್ನೂ ಒಂದು ಮಾತೂ ಕೇಳದೆ ಅತ್ತೆಯನ್ನ ಕುರ್ಚಿ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡೋಕೆ ಶುರು ಮಾಡಿದ್ರು.

"ನಾನು ಚೆನ್ನಾಗಿದೀನಿ ಕಣೇ!"

"ಮಾತಾಡ್ಬೇಡಿ, ಬಿಪಿ ಏರುತ್ತೆ."

"ಏರದೆ ಇನ್ನೇನಾಗುತ್ತೆ, ಮನೆ ತುಂಬಾ ಸಾವಿಗೆ ಬಂದವರ ಥರ ನಿಂತಿದೀರಲ್ಲ!"

ವಾಚ್‌ಮನ್ ಫೋನು ಮುಂದೆ ಹಿಡಿದ. ನಾನೇ ಜೋರಾಗಿ ಓದಿದೆ. "ನಾನು ನಿಮ್ಮ ಕಂಡಕ್ಟರಮ್ಮ. ಕಣ್ಣೀರು ಒರೆಸಿಕೊಳ್ಳುತ್ತಾ ಬರೆಯುತ್ತಿದ್ದೇನೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ. ಇಂದು ಸಂಜೆಯೊಳಗೆ ನೀವು ಕೈಹಿಡಿಯದಿದ್ದರೆ ಎಲ್ಲವೂ ಮುಗಿಯಿತು. ನಿಮ್ಮಲ್ಲಿ ಇದೇ ನನ್ನ ಕೊನೆಯ ಬೇಡಿಕೆ. ಆದಷ್ಟು ಕೊಡಿ, ಈಗಲೇ ಕೊಡಿ." ಕೆಳಗೆ, ಇರುವೆ ಸೈಜಿನ ಅಕ್ಷರದಲ್ಲಿ, ನರ್ಸಮ್ಮನ ಚುನಾವಣಾ ನಿಧಿ ಅಂತಿತ್ತು. ಅಲ್ಲಿವರೆಗೂ ಯಾರು ಹೋಗಿದ್ದಾರೆ?

ಭಾವ ಮುಖ ಹುಳ್ಳಗೆ ಮಾಡ್ಕೊಂಡು ಮೇಜಿನ ಹಿಂದಿಂದ ಎದ್ದರು. "ಅಮ್ಮ, ಇಂಥಾ ಮೆಸೇಜು ಎಲ್ಲರೂ ಹಾಕ್ತಾರೆ. ದಿನಾ ಹತ್ತು ಬರುತ್ತೆ ಎಲ್ಲರಿಗೂ. ಯಾರೂ ನಿಜ ಅಂತ ತಗೊಳ್ಳಲ್ಲ."

"ಬೇರೆಯವರದ್ದು ತಗೊಳ್ಳಲ್ಲ ಸಾರ್," ಅಂದ ಮೂಟೆ ಹೊರೋನು. "ಕಂಡಕ್ಟರಮ್ಮ ಎರಡನೇ ಸಲ ಕೇಳೋರಲ್ಲ. ಟಿಕೆಟ್ಟಿಗಿಂತ ಜಾಸ್ತಿ ಕೇಳೋರಲ್ಲ. ಅವರೇ ಆದಷ್ಟು ಕೊಡಿ ಅಂದ್ರೆ? ಜೀವಕ್ಕೇ ಏನೋ ಬಂದಿದೆ ಅಂದ್ಕೊಂಡ್ವಿ."

ಆ ಹೊತ್ತಿಗೂ ಫೋನು ಟಿಣ್ ಟಿಣ್ ಅಂತಾನೇ ಇತ್ತು. ಭಾವ ಕಂಪ್ಯೂಟರ್ ನೋಡಿ ಮೆತ್ತಗೆ ಹೇಳಿದ್ರು, ಇಷ್ಟು ದಿನ ಚೀಲದಲ್ಲಿ ಬಂದ ಅಷ್ಟೂ ದುಡ್ಡಿಗಿಂತ ಈ ಅರ್ಧ ದಿನದಲ್ಲಿ ಬಂದಿದ್ದು ಹೆಚ್ಚು ಅಂತ. ಗಾಡಿಗಳಿಗೆ ಸಾಕಾಗಿ ಮಿಕ್ಕುತ್ತೆ ಅಂತ.

ಬಂದವರನ್ನೆಲ್ಲಾ ಅತ್ತೆ ಸಮಾಧಾನ ಮಾಡಿ ಕಳಿಸಿದ್ರು. ಆಮೇಲೆ ನಾವು ನಾಲ್ಕೇ ಜನ ಉಳಿದ್ವಿ. ನಾನಂದೆ, "ಇಟ್ಕೊಳ್ಳೋಣ ಅತ್ತೆ. ಬಸ್ಸಿಗೋಸ್ಕರ ತಾನೇ? ಅವರಿಗೇ ಆಗೋ ಒಳ್ಳೇದು." ಭಾವನೂ ಅದೇ ಅಂದ್ರು. ನರ್ಸಮ್ಮ ಮಾತ್ರ, "ಹೆಸರು ನಿಮ್ಮದು. ನೀವು ಹೇಳಿದ ಹಾಗೆ. ಆದ್ರೆ ಗಾಡಿ ಇಲ್ದಿದ್ರೆ ಕಷ್ಟ, ಅದನ್ನೂ ಹೇಳಿಬಿಡ್ತೀನಿ," ಅಂದ್ರು. ಅತ್ತೆ ಕಿಟಕಿ ಆಚೆ ನೋಡ್ತಾ ನಿಂತ್ರು. ಬೇಡ ಅನ್ನೋದು ಅವರಿಗೂ ಸುಲಭ ಇರ್ಲಿಲ್ಲ. ಆ ಬಸ್ಸು ಅವರ ಬದುಕು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸ್ತು. ಬಂದವರು ಕುರ್ಚಿ ತಾತ. ಬೆತ್ತದ ಕುರ್ಚಿ ಹೆಣೆಯೋರು, ಹುಟ್ಟಿನಿಂದ ಕಣ್ಣಿಲ್ಲ. ಅವರ ವರ್ಕ್‌ಷಾಪು ಆಸ್ಪತ್ರೆ ಆಚೆ. ಒಬ್ಬರೇ ಮೊದಲನೇ ಬಸ್ಸಲ್ಲಿ ಹೋಗಿಬರೋ ಮನುಷ್ಯ. ಮೈಯೆಲ್ಲಾ ಬೆವರು. ಕೈಲಿದ್ದ ಕವರನ್ನ ಮುಂದಕ್ಕೆ ಚಾಚಿ, "ಎಲ್ಲಿದೀಯಮ್ಮ? ಇದು ನನ್ನ ಹಲ್ಲಿನ ಸೆಟ್ಟಿಗೆ ಇಟ್ಟಿದ್ದು. ಅಗಿಯೋಕೆ ನಂಗೇನು ಆತುರ ಇಲ್ಲ. ಯಾವ ಆಸ್ಪತ್ರೆಗೆ ಕಟ್ಟಬೇಕು ಹೇಳು," ಅಂದ್ರು.

ನಾನು ಮುಖ ಆ ಕಡೆ ತಿರುಗಿಸ್ಕೊಂಡೆ.

"ಕೂತ್ಕೊಳ್ಳಿ," ಅಂದ್ರು ಅತ್ತೆ. "ನಂಗೇನೂ ಆಗಿಲ್ಲ. ಕಲ್ಲು ಥರ ಇದೀನಿ. ಚುನಾವಣೆಗೆ ದುಡ್ಡು ಎತ್ತೋಕೆ ಹಂಗೆ ಬರೆದಿದ್ದು."

"ಫೋನು ಓದಿ ಹೇಳ್ತು. ನಿನ್ನ ಹೆಸರು ಹೇಳ್ತು."

"ಹೆಸರು ನಂದೇ. ಮಾತು ನಂದಲ್ಲ. ಹಾಕು ಅಂದವಳು ಮಾತ್ರ ನಾನೇ."

ತಾತ ಕೋಲಿನ ತುದಿ ನೆಲಕ್ಕೆ ಉಜ್ಜುತ್ತಾ ಹೇಳಿದ್ರು, ದನಿ ಏರಿಸದೇನೇ. "ಇಷ್ಟು ವರ್ಷ ನೀನು 'ಇಳೀರಿ' ಅಂದ್ರೆ ನಾನು ಇಳೀತಿದ್ದೆ. ಬಸ್ಸು ನಿಂತಿದೆಯೋ, ಕೆಳಗೆ ನೆಲ ಇದೆಯೋ ಅಂತ ಕೋಲು ಚಾಚಿ ನೋಡಿದವನಲ್ಲ. ಬೇರೆ ಯಾರ ಬಸ್ಸಲ್ಲೂ ನಾನು ಹಂಗೆ ಇಳಿದಿಲ್ಲ. ಇನ್ಮೇಲೆ ಏನು ಮಾಡ್ಲಿ ಹೇಳು."

ಅತ್ತೆ ಅಳೋದನ್ನ ನಾನು ಅವತ್ತೇ ಮೊದಲು ನೋಡಿದ್ದು. ಮಾವ ತೀರಿಕೊಂಡಾಗಲೂ ಎಲ್ಲರಿಗೂ ನೀರು ಕೊಡ್ತಾ ಓಡಾಡಿದವರು ಅವರು. ಕವರನ್ನ ತಾತನ ಜೇಬಿಗೆ ತುರುಕಿ, ಕಣ್ಣು ಒರೆಸ್ಕೊಂಡು ಭಾವನ ಕಡೆ ತಿರುಗಿದ್ರು. "ಬಂದಿದ್ದೆಲ್ಲಾ ಬಂದ ದಾರೀಲೇ ವಾಪಸ್ ಕಳಿಸು. ಒಬ್ಬರದ್ದೂ ಉಳಿಯಬಾರದು."

"ಅಮ್ಮ, ಯೋಚನೆ ಮಾಡಿ. ಚುನಾವಣೆ ಸೋತ್ರೆ..."

"ಯೋಚನೆ ಮಾಡೋಕೆ ಬಿಟ್ರೆ ಮನುಷ್ಯ ಕೊಡಲ್ಲ ಅಂದ್ಯಲ್ಲ? ನಾನು ಯೋಚನೆ ಮಾಡೇ ಹೇಳ್ತಿದೀನಿ. ಕಳಿಸು."

ಭಾವ ಪಾಪ ಕೂತು ಒಬ್ಬೊಬ್ಬರಿಗೂ ವಾಪಸ್ ಕಳಿಸಿದ್ರು. ಆಮೇಲೆ ಅವರೂ ಊಟ ಮಾಡ್ಲಿಲ್ಲ. ಅತ್ತೆಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಮಾರನೇ ಬೆಳಗ್ಗೆಯಿಂದ ಮೊದಲನೇ ಬಸ್ಸು ಹತ್ತೋಕೆ ಶುರು ಮಾಡಿದ್ರು. ಹೊಸ ಕಂಡಕ್ಟರ್ ಹುಡುಗಿ ದಾರಿ ಬಿಟ್ಲು. ಇವರು ಸೀಟುಗಳ ಮಧ್ಯೆ ನಿಂತು, ಸರಳು ಹಿಡ್ಕೊಂಡು, ಹಳೇ ಗಂಟಲು ತೆಗೆದು ಹೇಳೋರು: "ಕೇಳ್ರಪ್ಪಾ! ನನ್ನ ಹೆಸರಲ್ಲಿ ಬಂದ ಮೆಸೇಜು ಸುಳ್ಳು. ನಾನು ಅತ್ತಿಲ್ಲ, ಸಾಯ್ತಾನೂ ಇಲ್ಲ. ದುಡ್ಡು ವಾಪಸ್ ಬರದೇ ಇದ್ದವರು ಕೈ ಎತ್ತಿ!"

ಎಲ್ಲರೂ ಚಪ್ಪಾಳೆ ತಟ್ಟಿದ್ರು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕೆಲವರು ನಕ್ಕರು. ಕೆಲವರು ಕಿಟಕಿ ಆಚೆ ನೋಡಿದ್ರು. ಸೊಪ್ಪಿನ ಹೆಂಗಸೊಬ್ಬಳು ಮುಖಕ್ಕೆ ಹೊಡೆದ ಹಾಗೆ ಹೇಳಿದ್ಲು, "ದುಡ್ಡು ಬಂತು ಬಿಡಿ. ನಾನು ನಿಮಗೋಸ್ಕರ ಬುಟ್ಟಿ ಮುಂದೆ ಕೂತು ಅತ್ತೆನಲ್ಲ, ಅದನ್ನ ಹೆಂಗೆ ವಾಪಸ್ ಕೊಡ್ತೀರಿ?" ಅತ್ತೆ ತಲೆ ತಗ್ಗಿಸಿ ಕೇಳಿಸ್ಕೊಂಡ್ರು. ಮಾರನೇ ದಿನ ಮತ್ತೆ ಅದೇ ಬಸ್ಸು ಹತ್ತಿದ್ರು. ಆ ಹೆಂಗಸಿನ ಪಕ್ಕದಲ್ಲೇ ನಿಂತು ಮತ್ತೆ ಅದನ್ನೇ ಹೇಳಿದ್ರು. ನಾನಾಗಿದ್ರೆ ಮನೆ ಬಿಟ್ಟು ಹೊರಗೆ ಬರ್ತಿರ್ಲಿಲ್ಲ.

ಹಳೇ ಮೆಂಬರು ಬಿಡ್ತಾನಾ? ಮೈಕಲ್ಲಿ ಸಾರಿದ. "ಸುಳ್ಳು ಕಣ್ಣೀರಿನ ಪಾರ್ಟಿ! ಅವರ ಕಂಡಕ್ಟರಮ್ಮನೇ ಬಸ್ಸಲ್ಲಿ ಒಪ್ಕೊಂಡಿದ್ದಾಳೆ!" ಭಾವ ಹಲ್ಲು ಕಚ್ಚಿದ್ರು. "ನೋಡಿದ್ರಾ, ನಾವೇ ಕೈಯಾರೆ ಕೊಟ್ವಿ ಅವನಿಗೆ." ಅತ್ತೆ, "ನಿಜ ತಾನೇ ಹೇಳ್ತಿರೋದು, ಹೇಳ್ಲಿ ಬಿಡು," ಅಂತ ಚೀಲ ಹೆಗಲಿಗೇರಿಸ್ಕೊಂಡು ಕೇಳದೇ ಉಳಿದ ಬೀದಿಗಳಲ್ಲಿ ಒಂದೊಂದು ಟಿಕೆಟ್ ಕೇಳೋಕೆ ಹೊರಟ್ರು.

ಮತದಾನದ ದಿನ ನಮಗೆ ಗಾಡಿ ಇರ್ಲಿಲ್ಲ. ಆಸ್ಪತ್ರೆಯ ಹೆಂಗಸರು ಗಾಲಿ ಕುರ್ಚಿ ತಳ್ಕೊಂಡು ಮುದುಕರನ್ನ ತಂದ್ರು. ಸೈಕಲ್ ಅಂಗಡಿಯವನು ಹಿಂದೆ ಕೂರಿಸ್ಕೊಂಡು ಬಂದ. ಮೂಟೆ ಹೊರೋನೊಬ್ಬ ಒಂದು ಅಜ್ಜಿಯನ್ನ ಬೆನ್ನ ಮೇಲೆ ಕೂರಿಸ್ಕೊಂಡು ಬಂದ, ಅಜ್ಜಿ ಅವನ ತಲೆ ಮೇಲೆ ಛತ್ರಿ ಹಿಡಿದಿತ್ತು.

ನಾನು ಸಾಲಲ್ಲಿ ನಿಂತಿದ್ದಾಗ ಕುರ್ಚಿ ತಾತ ಬಂದ್ರು. ಕಣ್ಣಿಲ್ಲದವರು ಮುದ್ರೆ ಒತ್ತೋಕೆ ತಮಗೆ ಬೇಕಾದವರೊಬ್ಬರನ್ನ ಒಳಗೆ ಕರ್ಕೊಂಡು ಹೋಗಬಹುದು. ಅಧಿಕಾರಿ, "ಯಾರು ಬೇಕು?" ಅಂದ್ರು. ತಾತ, "ಕಂಡಕ್ಟರಮ್ಮ," ಅಂದ್ರು.

ಹಳೇ ಮೆಂಬರಿನ ಕಡೆಯವನು ಕಾಲು ಕೆದರಿ ಎದ್ದ. "ಆಗಲ್ಲ ಸಾರ್! ಅವಳು ನರ್ಸಿನ ಕಡೆಯವಳು. ಮುದುಕ ಏನು ಹೇಳಿದ್ರೂ ತನಗೆ ಬೇಕಾದ ಕಡೆ ಒತ್ತುತ್ತಾಳೆ. ಇವನಿಗೆ ಕಾಣುತ್ತಾ?"

"ಕಾಣಲ್ಲ," ಅಂದ್ರು ತಾತ. "ಅದಕ್ಕೇ ಅವಳು ಬೇಕು ಅಂದಿದ್ದು."

ಅತ್ತೆ ಬೂತ್ ಏಜೆಂಟ್ ಅಲ್ಲ, ಕಾನೂನಿನ ಪ್ರಕಾರ ಅಡ್ಡಿ ಇರ್ಲಿಲ್ಲ. ಒಳಗೆ ಏನು ನಡೀತು ಅನ್ನೋದನ್ನ ಯಾವತ್ತೂ ಯಾರಿಗೂ ಹೇಳೋ ಹಾಗಿಲ್ಲ ಅಂತ ಅಧಿಕಾರಿ ಅತ್ತೆ ಹತ್ರ ಮಾತು ತಗೊಂಡ್ರು. ಇಬ್ಬರೂ ಮರೆಯೊಳಗೆ ಹೋದ್ರು. ಸ್ವಲ್ಪ ಹೊತ್ತು ಹಿಡೀತು. ತಾತ ಹಗುರಾಗಿ ಹೊರಗೆ ಬಂದ್ರು. ಅತ್ತೆ ಹೊರಗೆ ಬಂದವರು ನನ್ನ ನೋಡಿಯೂ ನೋಡದ ಹಾಗೆ ಹೋಗಿ ಗೋಡೆ ನೆರಳಲ್ಲಿ ಕೂತ್ರು. ಬಿಸಿಲಿಗೆ ಸುಸ್ತಾಗಿದೆ ಅಂದ್ಕೊಂಡು ನೀರು ಕೊಟ್ಟೆ.

ಸಂಜೆ ಎಣಿಕೆ ಆಯ್ತು. ಮತ್ತೆ ಎಣಿಸಿ ಅಂದ್ವಿ, ಮತ್ತೆ ಎಣಿಸಿದ್ರು. ನರ್ಸಮ್ಮ ಒಂದೇ ಒಂದು ಮತದಲ್ಲಿ ಸೋತ್ರು.

ಒಂದು! ಹತ್ತಲ್ಲ, ಐದಲ್ಲ. ನಾನು ರಸ್ತೇಲೇ ನಿಂತು ಅತ್ತುಬಿಟ್ಟೆ. ಭಾವ ತಲೆ ಮೇಲೆ ಕೈ ಹೊತ್ತು ಕೂತ್ರು. "ಒಂದು ಗಾಡಿ ಇದ್ದಿದ್ರೆ ಸಾಕಿತ್ತು," ಅಂತ ಬಾಯಿಗೆ ಬಂದಂತೆ ಅಂದುಬಿಟ್ಟೆ ಅತ್ತೆಗೆ. ಅವರು ಎದುರಾಡಲಿಲ್ಲ. ನರ್ಸಮ್ಮನ ಹತ್ರ ಹೋಗಿ ಎರಡೂ ಕೈ ಹಿಡ್ಕೊಂಡು ನಿಂತ್ರು, ಎಷ್ಟೋ ಹೊತ್ತು. ಕೊನೆಗೆ ನರ್ಸಮ್ಮನೇ, "ಬಿಡಿ ಅಮ್ಮ, ಡ್ಯೂಟಿಗೆ ಹೊತ್ತಾಯ್ತು," ಅಂದ್ರು.

ಬಸ್ಸು ನಿಂತು ಹೋಯ್ತು. ಜನ ಕತ್ತಲಲ್ಲೇ ಎದ್ದು ನಡೆಯೋಕೆ ಶುರು ಮಾಡಿದ್ರು. ಅತ್ತೆ ಕಿಟಕಿಯಿಂದ ನೋಡ್ತಾ ನಿಲ್ಲಲಿಲ್ಲ. ಇಳಿದು ಹೋಗಿ ಅವರ ಜೊತೆ ಆಸ್ಪತ್ರೆ ತನಕ ನಡೆದು ವಾಪಸ್ ಬರೋರು. ಮಂಡಿ ನೋವು ಬೇರೆ. "ನಿಮಗ್ಯಾಕೆ ಅತ್ತೆ ಈ ಉಸಾಬರಿ?" ಅಂತ ನಾನು ಬೈದಿದ್ದೇ ಬೈದಿದ್ದು. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಕುರ್ಚಿ ತಾತನ ಕೈ ಹಿಡ್ಕೊಂಡು, ಗುಂಡಿ ಇದೆ, ಮೆಟ್ಟಿಲಿದೆ ಅಂತ ಹೇಳ್ತಾ ಹೋಗೋರು.

ಈಗ ಮತ್ತೆ ಚುನಾವಣೆ ಬಂದಿದೆ. ನರ್ಸಮ್ಮ ಮತ್ತೆ ನಿಂತಿದ್ದಾರೆ. ಹೋದ ವಾರ ತಾತ ನಮ್ಮ ಮನೆ ಕುರ್ಚಿಯ ಸೀಟು ಹೆಣೆಯೋಕೆ ಬಂದಿದ್ರು. ಬಾಗಿಲ ಹತ್ರ ಕೂತು ಬೆತ್ತ ನೆನೆಸ್ತಾ, ಜೇಬಿಂದ ಚಿಲ್ಲರೆ ತೆಗೆದು ನನ್ನ ಕೈಗೆ ಹಾಕಿದ್ರು.

"ತಗೋ. ಮೊದಲನೇ ಟಿಕೆಟ್ಟು ನಂದು. ಈ ಸಲ ನನ್ನ ಮತಾನೂ ನರ್ಸಮ್ಮನಿಗೇ."

"ಈ ಸಲ ಅಂದ್ರೆ? ಹೋದ ಸಲ?"

"ಹೋದ ಸಲ ಹಾಕಿರ್ಲಿಲ್ಲ," ಅಂದ್ರು ತಾತ, ಬೆತ್ತ ಎಳೀತಾ. "ಕೋಪ ಇತ್ತಲ್ಲ. ಆ ಮೆಸೇಜು ಹಾಕಿದವರಿಗೆ ನನ್ನ ಮತ ಇಲ್ಲ ಅಂದ್ಕೊಂಡಿದ್ದೆ. ಒಳಗೆ ಹೋಗಿ ಹಳೇ ಮೆಂಬರಿಗೆ ಒತ್ತಮ್ಮ ಅಂದೆ. ಅವಳು ಒಂದೇ ಒಂದು ಸಲ ಕೇಳಿದ್ಲು, 'ಸರಿಯಾಗಿ ಹೇಳಿದ್ರಾ?' ಅಂತ. ಹೂಂ ಅಂದೆ."

ಗೋಡೆ ನೆರಳಲ್ಲಿ ಕೂತಿದ್ದ ಅತ್ತೆಯ ಆ ಮುಖ ಕಣ್ಣ ಮುಂದೆ ಬಂತು. ನಾನು ಆದ್ರೂ ಬಿಡ್ಲಿಲ್ಲ. ಏನೋ ಒಂದು ಹಠ. "ನಿಮಗೆ ಕಾಣಲ್ಲ ತಾತ. ಅವರು ನೀವು ಹೇಳಿದ ಕಡೇನೇ ಒತ್ತಿದ್ರು ಅಂತ ನಿಮಗೆ ಹೆಂಗೆ ಗೊತ್ತು?"

ತಾತ ಹೊಸ ಹಲ್ಲು ಕಾಣೋ ಹಾಗೆ ನಕ್ಕರು. "ನಾನು ಅವತ್ತು ಕೇಳ್ಕೊಳ್ಳಲೇ ಇಲ್ಲ ಆ ಪ್ರಶ್ನೆ. ಗೊತ್ತಾಗಿದ್ದು ಸಂಜೆ. ನೀನೇ ಲೆಕ್ಕ ಹಾಕಿ ನೋಡು. ಒಂದೇ ಮತದಲ್ಲಿ ಸೋತಿದ್ದು. ಅವಳು ಮುದ್ರೆ ಇಷ್ಟು ಈ ಕಡೆ ಸರಿಸಿ ಒತ್ತಿದ್ದಿದ್ರೆ ಅವನಿಗೊಂದು ಕಮ್ಮಿ, ನರ್ಸಮ್ಮನಿಗೊಂದು ಜಾಸ್ತಿ. ಒಂದು ಮತದಲ್ಲಿ ಗೆದ್ದಿರೋರು."

ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಕೈಲಿದ್ದ ಚಿಲ್ಲರೆ ಬಿಸಿ ಆಗಿತ್ತು. ಈ ಐದು ವರ್ಷ, ಆ ಕತ್ತಲಲ್ಲಿ, ಆ ಮಂಡಿ ನೋವಲ್ಲಿ, ಇದೇ ತಾತನ ಕೈ ಹಿಡ್ಕೊಂಡು ನಡೆದ್ರಲ್ಲ! ನಾನು ರಸ್ತೆ ಮಧ್ಯೆ ಅಷ್ಟು ಬೈದಾಗ ಒಂದು ಮಾತು ಆಡಲಿಲ್ಲವಲ್ಲ! ಇಂಥವರ ಜೊತೆ ನಾನು ಒಲೆ ಒರೆಸೋ ಬಟ್ಟೆಗೆ ಜಗಳ ಆಡ್ತೀನಿ.

ಒಳಗೆ ಹೋದೆ. ಅತ್ತೆ ಮಂಡಿಗೆ ಎಣ್ಣೆ ತಿಕ್ಕೊಳ್ತಾ ಮಂಚದ ಮೇಲೆ ಕೂತಿದ್ರು. ಅವರ ಮುಂದೆ ನಿಂತೆ. ಏನೇನೋ ಹೇಳಬೇಕು ಅನ್ನಿಸ್ತು, ಕಾಲಿಗೆ ಬೀಳೋಣ ಅನ್ನಿಸ್ತು. ಬಾಯಿಗೆ ಬಂದಿದ್ದು ಇಷ್ಟೇ.

"ಅತ್ತೆ, ಹೋದ ಚುನಾವಣೇಲಿ ತಾತ ಯಾರಿಗೆ ಹಾಕಿಸಿದ್ರು?"

ಅತ್ತೆ ತಲೆ ಎತ್ತಲೂ ಇಲ್ಲ.

"ಅದನ್ನ ನನ್ನ ಯಾಕೆ ಕೇಳ್ತೀಯ? ಆಚೆ ಕೂತಿದ್ದಾರಲ್ಲ, ಅವರನ್ನೇ ಕೇಳು," ಅಂದ್ರು.